ಹಂದಿ ಸಾಕುವವರ ಗಮನಕ್ಕೆ: ಉಳಿದ ಆಂಟಿಬಯಾಟಿಕ್ ಹಂಚಿಕೊಳ್ಳಬೇಡಿ

ಎಲ್ಲರಿಗೂ ನಮಸ್ಕಾರ. ಮಳೆ ಶುರುವಾದಾಗಿನಿಂದ ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯವರು ‘ಮರಿಗಳಿಗೆ ಭೇದಿ, ಉಳಿದ ಆಂಟಿಬಯಾಟಿಕ್ ಯಾರ ಹತ್ರ ಇದೆ?’ ಅಂತ ಇಲ್ಲಿ ಕೇಳ್ತಿದ್ದೀರಿ. ದಯವಿಟ್ಟು ಬೇಡ. ಹೀಗೆ ಬೇಕಾಬಿಟ್ಟಿ ಕೊಟ್ಟರೆ ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ.

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಆ ಗುಣವನ್ನು ತನ್ನ ಸಂತಾನಕ್ಕಷ್ಟೇ ಕೊಡುವುದಿಲ್ಲ; ಪಕ್ಕದಲ್ಲಿರುವ ಬೇರೆ ಜಾತಿಯದಕ್ಕೂ ದಾಟಿಸಬಲ್ಲದು. ಪಿಲಸ್ ಎಂಬ ಸಣ್ಣ ಎಳೆ ಚಾಚಿ ಇನ್ನೊಂದು ಕೋಶವನ್ನು ಹತ್ತಿರಕ್ಕೆಳೆದುಕೊಂಡು, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಒಂದು ಎಳೆಯನ್ನು ಅದರೊಳಗೆ ಸಾಗಿಸುತ್ತದೆ. ಜೋಡಿ ಎಳೆ ಎರಡೂ ಕಡೆ ಮತ್ತೆ ತಯಾರಾಗುತ್ತದೆ. ಹಾಗಾಗಿ ಕೊಟ್ಟದ್ದಕ್ಕೆ ನಷ್ಟವಿಲ್ಲ, ಪಡೆದದ್ದೂ ಮುಂದಕ್ಕೆ ಕೊಡುತ್ತದೆ, ಥೇಟ್ ನಮ್ಮ ಗುಂಪಿನ ಫಾರ್ವರ್ಡ್‌ಗಳ ಹಾಗೆ! ಕರುಳಿನಲ್ಲಿರುವ ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇಂಥ ಜೀನ್ ವಿನಿಮಯವನ್ನು ವಿಜ್ಞಾನಿಗಳಾದ ಲೆಡರ್‌ಬರ್ಗ್ ಮತ್ತು ಟೇಟಮ್ 1946ರಲ್ಲೇ ತೋರಿಸಿದ್ದರು.

ನಮಗೆ ನೇರವಾಗಿ ತಟ್ಟುವುದು ಕೊಲಿಸ್ಟಿನ್ ಕಥೆ. ಮನುಷ್ಯರಿಗೆ ಬೇರೆ ಮದ್ದು ಕೆಲಸ ಮಾಡದಾಗ ಕೊಡುವ ಔಷಧಿ ಅದು. ಅದನ್ನು ಸೋಲಿಸುವ, ಹೀಗೇ ದಾಟುವ ಎಂಸಿಆರ್-1 ಜೀನ್ ಚೀನಾದ ಹಂದಿಗಳಲ್ಲಿ ಸಿಕ್ಕಿದ್ದು 2015ರಲ್ಲಿ ವರದಿಯಾಯಿತು. ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿದೆ. ಹಳೇ ಪ್ಯಾಕೆಟ್ ಇದ್ದರೆ ಬಳಸಬೇಡಿ, ತೋಡಿಗೂ ಸುರಿಯಬೇಡಿ. ಭೇದಿ ಕಂಡರೆ ಮರಿಯನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ಫೋನ್ ಮಾಡಿ.