ಉರ್ದು ಕಾಗದ: ಸ್ಕ್ಯಾನ್ ಆಯಿತು, ಓದುವವರು ಯಾರು?

ಮಾನ್ಯರೇ,

ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸ ನಡೆದಿದೆ. ಆಗಬೇಕಾದ ಕೆಲಸವೇ. ಆದರೆ ಮೈಸೂರು ಸೀಮೆಯ ರೆಕಾರ್ಡ್ ರೂಮಿಗೆ ಇಷ್ಟು ಸಾಕಾಗಬಹುದು, ಕಲಬುರಗಿ, ಬೀದರ್, ಯಾದಗಿರಿಗೆ ಸಾಲದು. 1956ರ ನವೆಂಬರ್ 1ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಜಮೀನಿನ ಕಾಗದ ಹೆಚ್ಚಾಗಿ ಉರ್ದುವಿನಲ್ಲಿದೆ. ಭಾಲ್ಕಿ, ಔರಾದ, ಬಸವಕಲ್ಯಾಣದ ಕಡೆ ಮೋಡಿ ಲಿಪಿಯ ಮರಾಠಿ ಕಾಗದವೂ ಸಿಗುತ್ತದೆ. ಕಂಪ್ಯೂಟರಿಗೆ ಹೋಗುವುದು ಇವುಗಳ ಚಿತ್ರ ಮಾತ್ರ.

ಭಾಷೆ ನಮಗೆ ಹೊರಗಿನದೇನಲ್ಲ. ದವಾಖಾನಿ, ಅರ್ಜಿ, ರಸೀದಿ, ವಸೂಲಿ, ಬಾಕಿ ಎನ್ನದೆ ಇಲ್ಲಿ ಒಂದು ದಿನ ಕಳೆಯುವುದಿಲ್ಲ. ‘ಖುಷ್ಕಿ’ ಎಂದು ಗಟ್ಟಿಯಾಗಿ ಓದಿದರೆ ವಯಸ್ಸಾದ ರೈತ ‘ಮಳಿ ಮ್ಯಾಲಿನ ಹೊಲರೀ’ ಎಂದು ತಾನೇ ಅರ್ಥ ಹೇಳುತ್ತಾನೆ. ನಮಗೆ ಬಾರದ್ದು ಲಿಪಿ. ತರ್ಜುಮೆಯಲ್ಲಿ ಎಡವುವುದೂ ಹೆಚ್ಚಾಗಿ ಅಲ್ಲೇ.

ಹೆಸರುಗಳನ್ನೇ ನೋಡಿ. ಉರ್ದುವಿನಲ್ಲಿ ಬಕಾರದ ಕೆಳಗೆ ಒಂದು ಚುಕ್ಕೆ, ಪಕಾರದ ಕೆಳಗೆ ಮೂರು. ಕಚೇರಿಯ ಗುಮಾಸ್ತರು ಬರೆಯುತ್ತಿದ್ದ ಅವಸರದ ‘ಶಿಕಸ್ತಾ’ ಬರಹದಲ್ಲಿ ಚುಕ್ಕೆಗಳು ಬಿಟ್ಟುಹೋಗುತ್ತವೆ, ಇಲ್ಲವೇ ಮೂರೂ ಸೇರಿ ಒಂದು ಗೀಟಾಗುತ್ತವೆ. ಹಾಗಾಗಿ ಬೀರಪ್ಪನೋ ಪೀರಪ್ಪನೋ ಎಂದು ಒಂದೇ ಪದ ನೋಡಿ ಹೇಳಲಾಗದು. ಎರಡೂ ನಮ್ಮ ಊರುಗಳಲ್ಲಿರುವ ಹೆಸರುಗಳೇ. ಕಕಾರದ ಮೇಲೆ ಇನ್ನೊಂದು ಗೆರೆ ಎಳೆದರೆ ಗಕಾರ. ಆ ಗೆರೆ ಮಾಸಿದರೆ ಗುಂಡಪ್ಪ ಕುಂಡಪ್ಪನಾಗುತ್ತಾನೆ. ಉ, ಒ ಸ್ವರಗಳೆರಡಕ್ಕೂ ‘ವಾವ್’ ಎಂಬ ಒಂದೇ ಅಕ್ಷರವಾದ್ದರಿಂದ ಕೊಂಡಪ್ಪನೂ ಆಗಬಹುದು. ಳ, ಣಗಳಿಗೆ ಅಕ್ಷರವೇ ಇಲ್ಲ, ಲ, ನಗಳಲ್ಲೇ ತೂಗಿಸಬೇಕು. ಮೋಡಿಯಲ್ಲಿ ಇ-ಈ, ಉ-ಊ ಭೇದವಿಲ್ಲ. ಅಜ್ಜನ ಹೆಸರು ವಂಶಾವಳಿಗೆ ಹೊಂದದೆ ವಾರಸಾ ಅರ್ಜಿ ನಿಲ್ಲುವುದಕ್ಕೆ ಇಂಥ ಒಂದು ಚುಕ್ಕೆ ಸಾಕು.

ಇದಕ್ಕೆ ದಾರಿ ಕಾಗದದಲ್ಲೇ ಇದೆ, ಅದು ಚಕ್ಕುಬಂದಿ, ಎಂದರೆ ಹೊಲದ ನಾಲ್ಕೂ ಕಡೆಯ ಎಲ್ಲೆಯ ವಿವರ. ಶರ್ಕ್ ಎಂದರೆ ಮೂಡಣ, ಗರ್ಬ್ ಪಡುವಣ, ಶುಮಾಲ್ ಬಡಗಣ, ಜುನೂಬ್ ತೆಂಕಣ. ನಾಲ್ಕೂ ಕಡೆಯ ಹೊಲದವರ ಕಾಗದ ತೆಗೆದು, ಅಲ್ಲಿ ಇದೇ ಹೆಸರು ಬಾಜೂದವನಾಗಿ ಹೇಗೆ ಬರೆದಿದೆ ನೋಡಬೇಕು. ಬೇರೆ ಗುಮಾಸ್ತನ ಕೈಯಲ್ಲಿ ಚುಕ್ಕೆ ಉಳಿದಿರಬಹುದು. ಎರಡು ಕಡೆ ಒಂದೇ ಹೆಸರು ಬಂದರೆ ಮಾತ್ರ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ‘ಬೀರಪ್ಪ/ಪೀರಪ್ಪ’ ಎಂದೇ ಇಡುವುದು ಲೇಸು.

ಅಂಕಿಗಳಲ್ಲಿ ಇನ್ನೂ ಮೋಸ. ಉರ್ದುವಿನಲ್ಲಿ ಸೊನ್ನೆ ಬರಿಯ ಚುಕ್ಕೆ. ನಮ್ಮ ಸೊನ್ನೆಯಂತೆ ದುಂಡಗಿರುವುದು ಐದು! ಸರ್ವೆ ನಂಬರ್ 120ರ ಚುಕ್ಕೆ ಜೆರಾಕ್ಸಿನಲ್ಲಿ ಅಳಿಸಿದರೆ 12 ಆಗಿಬಿಡುತ್ತದೆ. ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ಅಂತರ. ಏಳನ್ನು ತಲೆಕೆಳಗು ಮಾಡಿದರೆ ಎಂಟು, ಆದ್ದರಿಂದ ಹಾಳೆ ತಿರುವಿ ಸ್ಕ್ಯಾನ್ ಆಗಿದೆಯೋ ಎಂದು ಮೊದಲು ನೋಡಿಕೊಳ್ಳಬೇಕು. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ಎಡದಿಂದ ಬಲಕ್ಕೇ. ಆದರೆ ಕಾಲಂಗಳ ಸಾಲು ಬಲದಿಂದ ಶುರು. ಕನ್ನಡ ಫಾರಮಿಗೆ ಇಳಿಸುವಾಗ ಎಕರೆಯ ಜಾಗಕ್ಕೆ ಗುಂಟೆ ಬಂದು ಕೂರುವುದು ಇದರಿಂದಲೇ. ಗುಂಟೆಯಲ್ಲಿ 39ಕ್ಕಿಂತ ಹೆಚ್ಚಿನ ಅಂಕಿ ಕಂಡರೆ ಅದಲುಬದಲಾಗಿದೆ ಎಂದು ತಿಳಿಯಬೇಕು. 4 ಎಕರೆ 12 ಗುಂಟೆಯನ್ನು 4.12 ಎಂದು ಹೊಡೆಯುವವರೂ ಇದ್ದಾರೆ. ಎಕರೆಗೆ 40 ಗುಂಟೆಯಾದ್ದರಿಂದ ದಶಮಾಂಶದಲ್ಲಿ ಅದು 4.30.

ತಾರೀಖು ಫಸಲಿಯಲ್ಲಿ, ಎಂದರೆ ಹಳೆಯ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ. ಹೈದರಾಬಾದಿನ ಫಸಲಿ ವರ್ಷ ಆಜೂರ್ ತಿಂಗಳಿಂದ, ಎಂದರೆ ಅಕ್ಟೋಬರ್ ಮೊದಲ ವಾರದಿಂದ ಶುರು. ಇಸವಿ ತಿಳಿಯಲು ಆಜೂರ್, ದೈ ತಿಂಗಳಾದರೆ ಫಸಲಿ ವರ್ಷಕ್ಕೆ 590 ಕೂಡಿಸಬೇಕು. ಬಹಮನ್ ತಿಂಗಳಲ್ಲಿ ಇಸವಿ ಬದಲಾಗುತ್ತದೆ, ಅದರ ಮುಂದಿನ ಎಲ್ಲ ತಿಂಗಳಿಗೂ 591. ಹೈದರಾಬಾದ್ ವಿಮೋಚನೆಯ 1948ರ ಸೆಪ್ಟೆಂಬರ್ 17 ಬರುವುದು ಫಸಲಿ 1357ರ ಆಬಾನ್ ತಿಂಗಳಲ್ಲಿ. ಮದ್ರಾಸು ಕಡೆಯ ಫಸಲಿ ಜುಲೈಯಿಂದ ಶುರುವಾಗುವುದರಿಂದ ಆ ಲೆಕ್ಕದಲ್ಲಿ ಅದೇ ದಿನ 1358 ಆಗುತ್ತದೆ. ಎಲ್ಲಿಂದಲೋ ತಂದ ಕೋಷ್ಟಕ ಇಟ್ಟುಕೊಂಡರೆ ಒಂದು ವರ್ಷ ತಪ್ಪುತ್ತದೆ. ಯಾರು ಮೊದಲು ಕೊಂಡರು ಎಂಬ ತಂಟೆಯಲ್ಲಿ ಒಂದು ವರ್ಷ ಸಣ್ಣದಲ್ಲ.

ಕೆಲವು ಪದಗಳು ಇಂದಿನ ಕನ್ನಡದಲ್ಲಿ ಅರ್ಥ ಬದಲಿಸಿಕೊಂಡು ಕೂತಿವೆ. ‘ಕಬ್ಜಾ’ ಎಂದರೆ ಪತ್ರಿಕೆಗಳಲ್ಲಿ ಕಬಳಿಕೆ, ತಮ್ಮ ಪತ್ರಿಕೆಯೂ ಸೇರಿ. ಹಳೆಯ ಕಾಗದದ ಕಬ್ಜೆದಾರ ಪಾಪ ಸುಮ್ಮನೆ ಜಮೀನು ಸ್ವಾಧೀನದಲ್ಲಿಟ್ಟುಕೊಂಡವನು. ‘ಲಾವಣಿ ಪಟ್ಟೆ’ಗೂ ಹಾಡಿನ ಲಾವಣಿಗೂ ಸಂಬಂಧವಿಲ್ಲ, ಅದು ಸರ್ಕಾರಿ ಜಮೀನನ್ನು ಸಾಗುವಳಿಗೆ ಕೊಟ್ಟದ್ದು. ಎಲ್ಲಕ್ಕಿಂತ ಅಪಾಯದ್ದು ‘ರೆಹನ್ ಬಿಲ್ ಕಬ್ಜ್’. ಇದು ಸ್ವಾಧೀನ ಸಮೇತ ಅಡವು, ಮಾರಾಟವಲ್ಲ. ಮಾರಾಟಕ್ಕೆ ‘ಬೈನಾಮಾ’ ಇದೆ. ಹೊಲ ಸಾಹುಕಾರನ ಕೈಗೆ ಹೋಯಿತು ಎಂಬುದನ್ನಷ್ಟೇ ಓದಿ ‘ಕ್ರಯಪತ್ರ’ ಎಂದು ಬರೆದರೆ, ಅಡವಿಟ್ಟವನ ಮೊಮ್ಮಕ್ಕಳು ಹೊಲದ ಆಸೆಯನ್ನೇ ಬಿಡಬೇಕಾಗುತ್ತದೆ.

ಉರ್ದು ಬಲ್ಲವರಿಗೆ ವಹಿಸಿದರಾಯಿತಲ್ಲ ಎಂದು ಕೇಳಬಹುದು. ಉರ್ದು ಶಾಲೆಯಲ್ಲಿ ಓದಿದ ಹುಡುಗರಿಗೂ ಶಿಕಸ್ತಾ ಸುಲಭಕ್ಕೆ ದಕ್ಕುವುದಿಲ್ಲ, ಅವರು ಕಲಿತದ್ದು ಅಚ್ಚಿನ ಉರ್ದು. ಹಣದ ಲೆಕ್ಕದಲ್ಲಿ ಬರುವ ‘ರಕಮ್’ ಗುರುತುಗಳಂತೂ ಅಂಕಿಗಳೇ ಅಲ್ಲ, ಅರಬ್ಬಿ ಸಂಖ್ಯಾಪದಗಳ ಚುಟುಕು ರೂಪ. ಈ ಓದನ್ನು ಬಲ್ಲ ನಿವೃತ್ತ ಕಂದಾಯ ನೌಕರರು, ಹಳೆಯ ವಕೀಲರ ಗುಮಾಸ್ತರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಅವರನ್ನು ಕರೆಸಿ, ನಿಜವಾದ ಕಡತಗಳನ್ನೇ ಮುಂದಿಟ್ಟು, ತಾಲ್ಲೂಕಿಗೆ ಇಬ್ಬರಿಗಾದರೂ ಕಲಿಸಬೇಕು.

ತರ್ಜುಮೆಯ ನಮೂನೆಯೂ ಬದಲಾಗಲಿ. ಮೊದಲು ಮೂಲದ ಪದ ಕನ್ನಡ ಲಿಪಿಯಲ್ಲಿ ಇದ್ದಂತೆ, ಅದರ ಪಕ್ಕ ಅರ್ಥ, ಅನುಮಾನವಿದ್ದಲ್ಲಿ ಎರಡೂ ಓದು. ಫಸಲಿ ತಾರೀಖು ಅಳಿಸದೆ, ಅದರ ಮುಂದೆ ಇಸವಿ. ಕೊನೆಯಲ್ಲಿ ಓದಿದವರ ಹೆಸರು, ಸಹಿ. ಈಗ ಬರಿಯ ಅರ್ಥವನ್ನಷ್ಟೇ ಟೈಪ್ ಮಾಡಿ ಕೊಡುವುದರಿಂದ, ತಪ್ಪು ಎಲ್ಲಿ ನುಸುಳಿತು ಎಂದು ಹುಡುಕಲು ಮತ್ತೆ ನಕಲಿಗೆ ಅರ್ಜಿ ಹಾಕಬೇಕಾಗುತ್ತದೆ.

— ಹಳೆಯ ದಸ್ತಾವೇಜುಗಳ ಓದುಗ, ಕಲಬುರಗಿ