ಯೇಸುವಿನ ‘ಸಹೋದರರು’: ಎಂಟನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರ ಮೌಲ್ಯಶಿಕ್ಷಣದ ಅವಧಿಯಲ್ಲಿ ವಂಶವೃಕ್ಷ ಬರೆಯಲು ಹೇಳಿದಾಗ, ಒಬ್ಬ ವಿದ್ಯಾರ್ಥಿ ಯೇಸುವಿನ ಹೆಸರಿನ ಕೆಳಗೆ ಯಾಕೋಬ, ಯೋಸೆ, ಯೂದ, ಸೀಮೋನ ಎಂದು ನಾಲ್ವರು ತಮ್ಮಂದಿರನ್ನು ಬರೆದಿದ್ದನು. ಮಾತೆ ಮರಿಯಮ್ಮನವರು ನಿತ್ಯಕನ್ಯೆ, ಅಂದರೆ ಜೀವನಪೂರ್ತಿ ಕನ್ಯೆಯಾಗಿಯೇ ಉಳಿದವರು ಎಂದು ಮನೆಯಲ್ಲಿ ಕಲಿತಿದ್ದ ಸಹಪಾಠಿಯೊಬ್ಬಳು ಅದನ್ನು ಹಾಳೆ ತೂತಾಗುವಷ್ಟು ರಬ್ಬರಿನಿಂದ ಉಜ್ಜಿದಳು. ಎರಡೂ ಮನೆಗಳಿಂದ ದೂರು ಬಂದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹುಡುಗ ಆ ಹೆಸರುಗಳನ್ನು ಕಟ್ಟಿ ಬರೆದದ್ದಲ್ಲ. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದ 3ನೇ ವಚನದಲ್ಲಿ ಊರಿನವರ ಬಾಯಲ್ಲೇ ಅವು ಬರುತ್ತವೆ; ಸಹೋದರಿಯರ ಪ್ರಸ್ತಾಪವೂ ಅಲ್ಲಿದೆ, ಅವರ ಹೆಸರುಗಳು ಮಾತ್ರ ಇಲ್ಲ. ಇವರು ಯಾರ ಮಕ್ಕಳು ಎಂಬಲ್ಲಿ ಕ್ರೈಸ್ತ ಪಂಗಡಗಳು ಬೇರೆಯಾಗುತ್ತವೆ. ಇಂದಿನ ಬಹುಪಾಲು ಪ್ರೊಟೆಸ್ಟಂಟರು ಯೋಸೇಫ ಮತ್ತು ಮರಿಯಳಿಗೆ ಯೇಸುವಿನ ನಂತರ ಹುಟ್ಟಿದ ಮಕ್ಕಳೆನ್ನುತ್ತಾರೆ. ಆರ್ಥೊಡಾಕ್ಸ್ ಪರಂಪರೆ, 2ನೇ ಶತಮಾನದ್ದೆನ್ನಲಾದ ಒಂದು ಗ್ರಂಥವನ್ನು ಅನುಸರಿಸಿ, ಯೋಸೇಫನ ಮೊದಲ ಮದುವೆಯ ಮಕ್ಕಳೆನ್ನುತ್ತದೆ. ಇವರು ಮರಿಯಳ ಮಕ್ಕಳೇ ಎಂದಿದ್ದ ಹೆಲ್ವಿಡಿಯಸ್ ಎಂಬಾತನನ್ನು ಸುಮಾರು 383ರಲ್ಲಿ ಖಂಡಿಸಿ ಬರೆದ ಸಂತ ಜೆರೋಮ್, ಇವರು ಮರಿಯಮ್ಮನವರ ಸಹೋದರಿಯ ಮಕ್ಕಳೆಂದು ವಾದಿಸಿದರು. ಹತ್ತಿರದ ಬಂಧುಗಳೆಂಬ ಕ್ಯಾಥೊಲಿಕ್ ತಿಳಿವಳಿಕೆ ಬಹುಮಟ್ಟಿಗೆ ಅಲ್ಲಿಂದ ಬಂದದ್ದು. ಸುವಾರ್ತೆಯ ಗ್ರೀಕ್ ಪದ ‘ಅಡೆಲ್ಫೋಸ್’ ಒಡಹುಟ್ಟಿದವನೆಂದೇ ಸಾಮಾನ್ಯ ಅರ್ಥ ಕೊಡುತ್ತದೆ, ಆದರೆ ಅದರ ಹಿಂದಿನ ಹೀಬ್ರೂ ರೂಢಿಯಲ್ಲಿ ‘ಸಹೋದರ’ ಎಂಬ ಪದ ಬಂಧುಗಳಿಗೂ ಸಲ್ಲುತ್ತಿತ್ತು. ದೊಡ್ಡಮ್ಮನ ಮಗನನ್ನೂ ಅಣ್ಣನೆಂದೇ ಕರೆಯುವ ನಮಗೆ ಇದು ವಿಚಿತ್ರವೆನಿಸಬಾರದು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಾವು ಮನೆಮಾತಿನಲ್ಲಿ ಅಣ್ಣ ಇಲ್ಲವೇ ತಮ್ಮ ಎನ್ನಬೇಕು. ಯಾಕೋಬನನ್ನು ‘ತಮ್ಮ’ ಎಂದ ಕೂಡಲೇ ಒಂದು ಪಕ್ಷ, ‘ಅಣ್ಣ’ ಎಂದರೆ ಇನ್ನೊಂದು ಪಕ್ಷ ಹಿಡಿದಂತಾಗುತ್ತದೆ. ಇದನ್ನು ಚಟುವಟಿಕೆ ಕೊಡುವ ಮೊದಲೇ ನಾವು ಯೋಚಿಸಬೇಕಿತ್ತು. ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಸ್ವತಃ ಮರಿಯಳ ನಿತ್ಯಕನ್ಯತ್ವವನ್ನು ನಂಬಿದ್ದರು ಎಂಬುದನ್ನೂ ಎರಡೂ ಮನೆಗಳ ಗಮನಕ್ಕೆ ತರುತ್ತೇನೆ.

ಯಾವ ನಂಬಿಕೆ ಸರಿಯೆಂದು ಶಾಲೆ ತೀರ್ಪು ಕೊಡುವುದಿಲ್ಲ. ಬೇರೆಯವರ ಪುಸ್ತಕವನ್ನು ಕೆಡಿಸಿದ್ದಕ್ಕೆ ಹುಡುಗಿ ಕ್ಷಮೆ ಕೇಳಿದ್ದಾಳೆ. ತನ್ನ ನಂಬಿಕೆಗಾಗಿ ಕೇಳಬೇಕಿಲ್ಲವೆಂದು ಅವಳಿಗೆ ತಿಳಿಸಿದ್ದೇನೆ. ತೂತಾದ ಹಾಳೆಯ ಮೇಲೆ ಹೊಸ ಹಾಳೆ ಅಂಟಿಸಲಾಗಿದೆ, ನಾಲ್ಕು ಹೆಸರುಗಳ ಮೇಲೆ ಹುಡುಗ ‘ಸಹೋದರರು’ ಎಂದಷ್ಟೇ ಬರೆದಿದ್ದಾನೆ. ಪುಸ್ತಕಗಳು ಶುಕ್ರವಾರ ಮನೆಗೆ ಬರುತ್ತವೆ. ದಯವಿಟ್ಟು ಅದರಲ್ಲಿ ತಿದ್ದದೆ, ಹೇಳುವುದಿದ್ದರೆ ನನ್ನನ್ನು ಕಾಣಿರಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು