ಆ ಟಿವಿ ಸಾಲನ್ನು ಮೊದಲು ಹೊಡೆದು ಹಾಕು

ಪುಟ್ಟೀ,

ಹರಾಜಿನಲ್ಲಿ ಕೊಳ್ಳಬೇಕು ಅಂತ ನೀನು ಕಳಿಸಿದ ಮ್ಯಾನಿಫೆಸ್ಟನ್ನ, ಅಂದರೆ ಮಾಲಿನ ಪಟ್ಟಿಯನ್ನ, ನಿನ್ನೆ ರಾತ್ರಿ ಕನ್ನಡಕ ಹಾಕಿಕೊಂಡು ಕೂತು ಪೂರ್ತಿ ಓದಿದೆ. ಒಂದು ಪ್ಯಾಲೆಟ್, ಅಂದರೆ ಮರದ ಚೌಕಟ್ಟಿನ ಮೇಲೆ ಪೇರಿಸಿದ ಒಂದು ರಾಶಿ, 60 ಐಟಂ, ಅಂಗಡಿ ಬೆಲೆಯ ಐದರಲ್ಲೊಂದು ಪಾಲಿಗೆ ಸಿಕ್ಕಿಬಿಡುತ್ತೆ ಅಂತ ಕುಣಿದಾಡಿಕೊಂಡು ಬರೆದಿದ್ದೀಯ. ಬೇಡ ಅನ್ನೋಕೆ ಈ ಪತ್ರ ಬರೀತಿಲ್ಲ. ಎಂಟು ವರ್ಷ ಇದೇ ಗಿರಾಕಿಗಳು ಅಂಗಡಿಗೆ ವಾಪಸ್ ಮಾಡಿದ ಮಾಲಿನಲ್ಲಿ ಕೈ ಕೊಳೆ ಮಾಡಿಕೊಂಡವಳು ನಾನು, ಯಾವ ಬಾಯಲ್ಲಿ ಬೇಡ ಅನ್ನಲಿ? ಆದರೆ 1ನೇ ಸಾಲು ಸರಿಯಾಗಿ ನೋಡಿದೆಯಾ? ಆ ದೊಡ್ಡ ಟಿವಿ. ಇಡೀ ಪಟ್ಟಿಯ ಅಂಗಡಿ ಬೆಲೆ ಕೂಡಿಸಿದರೆ ನೂರಕ್ಕೆ 40 ಪಾಲು ಅದೊಂದರದ್ದೇ.

ವಾಪಸ್ ಬಂದ ಟಿವಿಯ ಪರದೆ ಸೀಳು ಬಿಟ್ಟಿರೋದು ಮಾಮೂಲು. ಪರದೆ ಹಾಕಿಸೋ ಖರ್ಚು ಎಷ್ಟೋ ಸಲ ಹೊಸ ಟಿವಿಯ ಹತ್ತಿರಕ್ಕೇ ಹೋಗುತ್ತೆ. ಅದಕ್ಕೇ ನಾನು ಹರಾಜಿಗಿಟ್ಟ ಯಾವ ಲಾಟ್ ನೋಡಿದರೂ ಮೊದಲು ಪೆನ್ನು ತಗೊಂಡು ಎಲ್ಲಕ್ಕಿಂತ ದುಬಾರಿ ಸಾಲನ್ನ ಹೊಡೆದು ಹಾಕ್ತಿದ್ದೆ. ಉಳಿದದ್ದರಲ್ಲೇ ಗಿಟ್ಟಿದರೆ ಕೂಗೋದು, ಇಲ್ಲದಿದ್ದರೆ ಸುಮ್ಮನಿರೋದು. ಹರಾಜಿನಲ್ಲಿ ಎಲ್ಲರ ಕಣ್ಣೂ ಆ ಒಂದು ಸಾಲಿನ ಮೇಲೇ ಇರುತ್ತೆ, ಬೆಲೆ ಏರೋದೂ ಅದರ ದೆಸೆಯಿಂದಲೇ.

ಅಂಗಡಿ ಬೆಲೆ ಅಂತ ಇರೋ ಕಾಲಂ ಇದೆಯಲ್ಲ, ಅದು ಹೊಸ ಮಾಲಿನ ಬೆಲೆ. ಎಷ್ಟೋ ಸಲ ಮಾಡೆಲ್ ಹಳೆಯದಾಗಿ ಬೆಲೆ ಇಳಿಯೋ ಮುಂಚಿನದು. ಅದೇ ವಸ್ತು ಬಳಸಿದ ಸ್ಥಿತಿಯಲ್ಲಿ ಎಷ್ಟಕ್ಕೆ ಮಾರಾಟ ಆಗಿದೆ ಅಂತ ಹುಡುಕು. ಎಷ್ಟಕ್ಕೆ ಇಟ್ಟಿದ್ದಾರೆ ಅಂತಲ್ಲ, ಎಷ್ಟಕ್ಕೆ ಹೋಗಿದೆ ಅಂತ. ಇಟ್ಟ ಬೆಲೆ ಯಾರು ಬೇಕಾದರೂ ಇಡಬಹುದು.

ನಿನ್ನ ಲಾಟಿನ ತಲೆಬರಹದಲ್ಲಿ ‘ಕಸ್ಟಮರ್ ರಿಟರ್ನ್, ಅನ್‌ಟೆಸ್ಟೆಡ್’ ಅಂತಿದೆ, ಅಂದರೆ ಗಿರಾಕಿ ವಾಪಸ್ ಮಾಡಿದ್ದು, ಯಾರೂ ಓಡಿಸಿ ನೋಡಿಲ್ಲ. ಶೆಲ್ಫ್ ಪುಲ್ ಅಂತಿದ್ದಿದ್ದರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ಅದು ಮಾರಾಟವಾಗದೆ ಕಪಾಟಿನಿಂದ ಇಳಿಸಿದ್ದು, ಸ್ಟಿಕ್ಕರ್ ಕಲೆ ಬಿಟ್ಟರೆ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಸಾಲ್ವೇಜ್ ಅಂದರೆ ಬಿಡಿಭಾಗಕ್ಕೆ ಮಾತ್ರ, ನೀನು ಅದರ ಹತ್ತಿರ ಹೋಗಬೇಡ. ಗಿರಾಕಿ ವಾಪಸ್ ಮಾಡಿದ ಮಾಲು ಇವೆರಡರ ನಡುವೆ ಎಲ್ಲಿ ಬೇಕಾದರೂ ಬೀಳುತ್ತೆ. ದೊಡ್ಡ ಅಂಗಡಿಗಳಿಗೆ ಒಂದೊಂದನ್ನೇ ಬಿಚ್ಚಿ, ಓಡಿಸಿ ನೋಡಿ, ಮತ್ತೆ ಪ್ಯಾಕ್ ಮಾಡೋ ಕೂಲಿ ಗಿಟ್ಟಲ್ಲ, ಜಾಗವೂ ಬೇಕು. ಅದಕ್ಕೇ ಸಗಟಾಗಿ ತಳ್ಳಿಬಿಡ್ತಾರೆ. ಅವರಿಗೆ ಗಿಟ್ಟದ ಆ ಕೂಲಿ ಕೆಲಸವನ್ನೇ ನೀನು ಕೊಂಡುಕೊಳ್ತಿರೋದು.

ನನ್ನ ಎರಡನೇ ಪ್ಯಾಲೆಟ್ಟಿನಲ್ಲಿ ಒಂದು ವ್ಯಾಕ್ಯೂಮ್ ಕ್ಲೀನರ್ ಬಂದಿತ್ತು. ಡಬ್ಬಿ ಫಳಫಳ ಹೊಸದು. ಕಂಪನಿಯ ಟೇಪಿನ ಮೇಲೇ ಇನ್ನೊಂದು ಪಾರದರ್ಶಕ ಟೇಪು ಅಂಟಿಸಿತ್ತು. ಆಗ ಅದರ ಅರ್ಥ ಗೊತ್ತಿರಲಿಲ್ಲ. ಬಿಚ್ಚಿದರೆ ಒಳಗೆ ಯಾರದೋ ಮನೆಯ ಹಳೇ ಮೆಷೀನು, ಬ್ರಷ್ಷಿಗೆ ಉದ್ದ ಕೂದಲು ಸುತ್ತಿಕೊಂಡಿತ್ತು, ಚೀಲದಲ್ಲಿ ಧೂಳು ಹಾಗೇ ಇತ್ತು. ಹೊಸದನ್ನ ಇಟ್ಟುಕೊಂಡು ಹಳೇದನ್ನ ಅದೇ ಡಬ್ಬಿಗೆ ತುಂಬಿ ವಾಪಸ್ ಕಳಿಸಿದ್ದಾರೆ! ಮ್ಯಾನಿಫೆಸ್ಟ್ ಬರೆದವರು ಡಬ್ಬಿಯ ಬಾರ್‌ಕೋಡ್ ಓದಿದ್ದಾರೆ, ಅಷ್ಟೇ. ಅವತ್ತಿಂದ ಡಬ್ಬಿ ಮೇಲಿನ ಸೀರಿಯಲ್ ನಂಬರೂ ಮೆಷೀನಿನ ನಂಬರೂ ಪಕ್ಕಪಕ್ಕ ಇಟ್ಟು ನೋಡೋದು ಅಭ್ಯಾಸವಾಯಿತು.

ಈಗ ಲೆಕ್ಕ. ಹರಾಜಿನಲ್ಲಿ ನೀನು ಕೂಗಿದ್ದು 100 ಅಂತಿಟ್ಟುಕೋ. ಹರಾಜಿನವರ ಕಮಿಷನ್, ತೆರಿಗೆ, ಲಾರಿ ಬಾಡಿಗೆ ಸೇರಿ ಮನೆ ಬಾಗಿಲಿಗೆ ಬರೋ ಹೊತ್ತಿಗೆ 150 ಆಯಿತು ಅನ್ನು. 60ರಿಂದ ಭಾಗಿಸಿದರೆ ಒಂದಕ್ಕೆ ಎರಡೂವರೆ. ನೀನು ಮಾಡಿರೋದು ಇಷ್ಟೇ, ಅದೂ ಬಾಡಿಗೆ ಬಿಟ್ಟು. ಆದರೆ ಮಾರೋ ಸ್ಥಿತಿಯಲ್ಲಿ 40 ಮಾತ್ರ ಇದ್ದರೆ ಒಂದರ ಅಸಲು ಮೂರೂ ಮುಕ್ಕಾಲು. ಇದರ ಮೇಲೆ ನೀನು ಮಾರೋ ವೆಬ್‌ಸೈಟಿನ ಕಮಿಷನ್, ಕಳಿಸೋ ಖರ್ಚು, ರಟ್ಟಿನ ಡಬ್ಬಿ. ಉಳಿದ 20ನ್ನ ಎಸೆಯೋದಕ್ಕೂ ದುಡ್ಡು ಕೊಡಬೇಕಾಗಬಹುದು. ನಿನ್ನ ಕೂಲಿ ಇನ್ನೂ ಹಿಡಿದೇ ಇಲ್ಲ. ಒಂದು ಐಟಂ ಬಿಚ್ಚಿ, ಒರೆಸಿ, ಓಡಿಸಿ, ಫೋಟೋ ತೆಗೆದು, ವಿವರ ಬರೆಯೋಕೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನೀನು ಚುರುಕು, ಅರ್ಧ ಗಂಟೆ ಅನ್ನೋಣ. ಆದರೂ 60ಕ್ಕೆ 30 ಗಂಟೆ, ಎಲ್ಲಾ ಭಾನುವಾರಗಳೂ ಹೋದವು.

22ನೇ ಸಾಲಿನ ಫೋನುಗಳು ಹಳೇ ಮಾಲೀಕರ ಖಾತೆಗೆ ಲಾಕ್ ಆಗಿದ್ದರೆ ಬಿಡಿಭಾಗಕ್ಕಷ್ಟೇ ಲಾಯಕ್ಕು. ಬ್ಯಾಟರಿ ಉಬ್ಬಿದ್ದು ಸಿಕ್ಕರೆ ಚಾರ್ಜಿಗೆ ಹಾಕಲೇಬೇಡ, ಮನೆಯೊಳಗೂ ಇಡಬೇಡ. 47ನೇ ಸಾಲಿನಲ್ಲಿ ಮಗುವಿನ ಕಾರ್ ಸೀಟು ಇದೆ. ಅದು ಅಪಘಾತ ಕಂಡಿದೆಯೋ ಇಲ್ಲವೋ ಹೊರಗಿಂದ ಗೊತ್ತಾಗಲ್ಲ. ಲಾಭ ಎಷ್ಟೇ ಇರಲಿ, ಅದನ್ನ ಮಾರಬೇಡ. ಇದೊಂದರಲ್ಲಿ ನಿನ್ನ ಜೊತೆ ವಾದಕ್ಕೆ ನಾನು ತಯಾರಿಲ್ಲ.

ಮತ್ತೆ ನೀನು ತೋರಿಸಿದ ಆ ಇನ್ನೊಂದು ಜಾಹೀರಾತು, ಪ್ಯಾಲೆಟ್ ತುಂಬಾ ಲ್ಯಾಪ್‌ಟಾಪು, ಪುಡಿಗಾಸಿಗೆ, ಹಣ ಮಾತ್ರ ಮುಂಚೆಯೇ ನೇರ ಖಾತೆಗೆ ಹಾಕಬೇಕು ಅನ್ನೋದು. ಮೋಸ. ಮುಂದಕ್ಕೆ ಹೋಗೋಣ.

ಮಾಲು ಇಳಿಸೋದನ್ನ ನೀನು ಯೋಚನೆಯನ್ನೇ ಮಾಡಿಲ್ಲ. ಲಾರಿಗೆ ಲಿಫ್ಟ್‌ಗೇಟ್, ಅಂದರೆ ಮಾಲನ್ನ ನೆಲಕ್ಕೆ ಇಳಿಸೋ ಹಿಂಬದಿಯ ಹಲಗೆ, ಬೇಕು ಅಂತ ಮೊದಲೇ ಹೇಳದಿದ್ದರೆ ಡ್ರೈವರ್ ಹಿಂಬಾಗಿಲು ತೆಗೆದು ನಿಂತುಬಿಡ್ತಾನೆ. ಆಳೆತ್ತರದ ರಾಶಿಯನ್ನ ಮಳೆಯಲ್ಲಿ ಒಂದೊಂದೇ ಡಬ್ಬಿ ಅಂತ ಇಳಿಸಿದ್ದು ನೆನಪಾದರೆ ನನಗೆ ಈಗಲೂ ಸೊಂಟ ಹಿಡಿಯುತ್ತೆ. ಹಾಂ, ಕೆಳಗಿನ ಮರದ ಚೌಕಟ್ಟು ಎಸೆಯಬೇಡ. ಪಕ್ಕದಲ್ಲಿ ಎಚ್‌ಟಿ ಅಂತ ಮುದ್ರೆ ಇದ್ದರೆ ಅದು ಬರೀ ಕಾಯಿಸಿದ ಮರ, ಕಪಾಟಿಗೆ ಆಗುತ್ತೆ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟಿದ್ದು, ಮನೆಯೊಳಗೆ ತರಬೇಡ.

ಹರಾಜು ನಾಳಿದ್ದು ರಾತ್ರಿ ಮುಗಿಯುತ್ತೆ ಅಂದೆಯಲ್ಲ. ಟಿವಿ, ಫೋನು, ಕಾರ್ ಸೀಟು ಮೂರನ್ನೂ ಹೊಡೆದು ಹಾಕಿ ಹೊಸ ಲೆಕ್ಕ ಮಾಡಿ ಕಳಿಸು. ಜೊತೆಗೆ ನಿನ್ನ ಬಾಗಿಲಿನ ಅಗಲವನ್ನೂ ಟೇಪು ಹಿಡಿದು ಅಳತೆ ಮಾಡು. ನೀನು ಕಳಿಸಿದ ವಿವರದ ಪ್ರಕಾರ ಪ್ಯಾಲೆಟ್ 48 ಇಂಚು ಉದ್ದ, 40 ಇಂಚು ಅಗಲ.

ನಿನ್ನ
ಅಮ್ಮ